ಓದಲು ಕೆ.ಜಿ.ಎಫ್‌ಗೆ ಬಂದವರು

ರಾಬರ್ಟ್‌ಸನ್‌ಪೇಟೆಯ ನಮ್ಮ ಬೀದಿಯ ಹುಡುಗನೊಬ್ಬ ಒಂದು ಸೆಮಿಸ್ಟರ್ ಮಟ್ಟಿಗೆ ಇಂಗ್ಲೆಂಡಿಗೆ ಹೋಗಿ ಬಂದಿದ್ದಾನೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು. ಅವನ ಕಾಲೇಜಿಗೂ ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೂ ಏನೋ ಒಪ್ಪಂದವಂತೆ, ಅಲ್ಲಿ ಒಂದು ಸೆಮಿಸ್ಟರ್ ಓದಿದ್ದನ್ನು ಇಲ್ಲಿಯ ಮಾರ್ಕ್ಸ್‌ಕಾರ್ಡಿಗೆ ಸೇರಿಸುತ್ತಾರಂತೆ. ಹೋದ ವಾರ ಒಂದು ಚಾಕಲೇಟ್ ಡಬ್ಬ ಹಿಡಿದುಕೊಂಡು ಮನೆಗೆ ಬಂದ. ಚಳಿ, ಜಿಟಿಜಿಟಿ ಮಳೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲು, ಉಪ್ಪು ಖಾರ ಇಲ್ಲದ ಆಲೂಗಡ್ಡೆ... ಎಲ್ಲ ಹೇಳಿದ. ಕೊನೆಗೆ, "ಕೆ.ಜಿ.ಎಫ್ ಅಂದ್ರೆ ಅಲ್ಲಿರೋ ನಮ್ಮ ದೇಶದ ಹುಡುಗರು ಸಿನಿಮಾ ಡೈಲಾಗ್ ಹೊಡೀತಾರೆ ಅಂಕಲ್. ಬೇರೆಯವರಿಗೆ ಹೆಸರೇ ಗೊತ್ತಿಲ್ಲ. ನಾನಾದರೂ ಏನು ಹೇಳ್ಲಿ? ಓದ್ಬೇಕು ಅಂದ್ರೆ ಹೊರಗೇ ಹೋಗ್ಬೇಕು, ನಮ್ಮೂರಿಗೆ ಓದೋಕೆ ಅಂತ ಯಾರು ಬರ್ತಾರೆ?" ಅಂದ.

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಒಂದು ಭಾನುವಾರ ಗೆಳೆಯರ ಜೊತೆ ಡರ್ಹಮ್‌ಗೆ ಹೋಗಿದ್ದೆ ಅಂತ ಫೋಟೋ ತೋರಿಸಿದ. ನದಿಯ ಬಾಗಿನಲ್ಲಿ, ಗುಡ್ಡದ ಮೇಲೆ ದೊಡ್ಡ ಕೆಥೆಡ್ರಲ್. ಹ್ಯಾರಿ ಪಾಟರ್ ಸಿನಿಮಾದ ಕೆಲವು ದೃಶ್ಯಗಳನ್ನು ಅಲ್ಲಿ ತೆಗೆದಿದ್ದಾರೆ, ಇವರೆಲ್ಲ ಹೋಗಿದ್ದು ಅದನ್ನು ನೋಡಲು. ಒಳಗೆ ಹೋದರೆ ಗಣಿ ಕಾರ್ಮಿಕರ ಸ್ಮಾರಕ ಕಂಡಿತಂತೆ. "ದೇವರ ಮನೆಯೊಳಗೇ ಮೈನಿಂಗ್‌ನವರಿಗೆ ಸ್ಮಾರಕ ಇಟ್ಟಿದ್ದಾರೆ ಅಂಕಲ್, ನಮ್ಮ ತಾತನ ನೆನಪಾಯ್ತು" ಅಂದ. ಅವನ ತಾತ ಚಾಂಪಿಯನ್ ರೀಫ್‌ನಲ್ಲಿ ಟಿಂಬರ್‌ಮನ್ ಆಗಿದ್ದವರು. ಕಲ್ಲು ಕುಸಿಯದಂತೆ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ.

ಡರ್ಹಮ್ ಅಂದ ಕೂಡಲೇ ನನಗೆ ನಗು ಬಂತು. "ನೀನು ಅವರ ಊರಿಗೆ ಹೋಗೋದಕ್ಕೆ ಐವತ್ತು ವರ್ಷಕ್ಕೂ ಮೊದಲೇ ಆ ಊರಿನ ವಿಶ್ವವಿದ್ಯಾಲಯದವರು ನಮ್ಮೂರಿಗೆ ಬಂದಿದ್ದರಪ್ಪಾ. ನಿಮ್ಮ ತಾತ ಇಳಿಯುತ್ತಿದ್ದ ಗಣಿಗೇ!" ಅಂದೆ. ಅವನು ನಂಬಲಿಲ್ಲ. ನೀವಾದರೂ ನಂಬುತ್ತೀರಿ ಅಂತ ಇಲ್ಲಿ ಬರೆಯುತ್ತಿದ್ದೇನೆ :)

ಕೆ.ಜಿ.ಎಫ್‌ನ ಚಿನ್ನದ ಕತೆ ಎಲ್ಲರಿಗೂ ಗೊತ್ತು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 1875ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಅನುಮತಿ ಪಡೆದ (ಬೆಂಗಳೂರಿನ ಲವೆಲ್ ರಸ್ತೆ ಇವನದೇ ಹೆಸರು). 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರ ತಂತಿ ಎಳೆದು ಕರೆಂಟು ತಂದರು. ನಮ್ಮ ಪೇಟೆಗೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ರಾಬರ್ಟ್‌ಸನ್ ಹೆಸರು ಬಿತ್ತು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 1972ರಲ್ಲಿ ಬಿ.ಜಿ.ಎಂ.ಎಲ್, 2001ರ ಫೆಬ್ರವರಿ 28ಕ್ಕೆ ಬೀಗ. ಅಷ್ಟರೊಳಗೆ ಸುಮಾರು 800 ಟನ್ ಚಿನ್ನ ಹೋಗಿತ್ತು. ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತು ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಜನ.

ಇನ್ನೊಂದು ಕತೆ ಇದೆ. ಅದರಲ್ಲಿ ಚಿನ್ನ ಬರುವುದೇ ಇಲ್ಲ.

1951ರಲ್ಲಿ ಬಿ.ವಿ. ಶ್ರೀಕಂಠನ್ ಎಂಬ ಇಪ್ಪತ್ತಾರರ ವಿದ್ಯಾರ್ಥಿ ಚಾಂಪಿಯನ್ ರೀಫ್ ಗಣಿಗೆ ಬಂದರು. ನಂಜನಗೂಡಿನಲ್ಲಿ ಹುಟ್ಟಿದವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟಿನಲ್ಲಿ ಸ್ವಲ್ಪ ಕಾಲ ಇದ್ದು, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿ.ಐ.ಎಫ್.ಆರ್) ಸೇರಿದ್ದರು. ಕಳಿಸಿದವರು ಹೋಮಿ ಭಾಭಾ. ಭಾಭಾ ಅವರದೂ ಪರದೇಶದ ಓದಿನ ಕತೆಯೇ. ಕೇಂಬ್ರಿಡ್ಜ್‌ನಲ್ಲಿದ್ದವರು 1939ರಲ್ಲಿ ರಜೆಗೆಂದು ಊರಿಗೆ ಬಂದರು, ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ವಾಪಸ್ ಹೋಗಲಾಗದೆ ಬೆಂಗಳೂರಿನಲ್ಲಿ ಉಳಿದರು. ಬೆಂಗಳೂರಿನ ಪಕ್ಕದಲ್ಲೇ ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು ಇದೆ ಎಂಬುದು ಅವರ ತಲೆಯಲ್ಲಿ ಕೂತಿದ್ದರೆ ಆಶ್ಚರ್ಯವಿಲ್ಲ.

ಗಣಿಗೂ ಫಿಸಿಕ್ಸಿಗೂ ಏನು ನಂಟು? ಆಕಾಶದಿಂದ ಕಾಸ್ಮಿಕ್ ಕಿರಣಗಳು ಸದಾ ಸುರಿಯುತ್ತಲೇ ಇರುತ್ತವೆ. ಅವು ಗಾಳಿಗೆ ಬಡಿದು ಹುಟ್ಟುವ ಮ್ಯುಯಾನ್ ಎಂಬ ಕಣಗಳು ನಮ್ಮ ನಿಮ್ಮ ಮೈಯನ್ನು ತೂರಿಕೊಂಡು ಹೋಗುತ್ತಿರುತ್ತವೆ, ಈಗಲೂ. ಕೆಲವು ನೆಲದೊಳಗೆ ಸ್ವಲ್ಪ ದೂರ ಇಳಿದು ನಿಲ್ಲುತ್ತವೆ, ಶಕ್ತಿ ಹೆಚ್ಚಿರುವವು ಇನ್ನೂ ಕೆಳಗೆ ಹೋಗುತ್ತವೆ. ಅಂದರೆ ಭೂಮಿಯೇ ಒಂದು ಜರಡಿ. ಬೇರೆ ಬೇರೆ ಆಳದಲ್ಲಿ ಕೂತು ಎಷ್ಟು ಕಣ ಬಂದವು ಅಂತ ಎಣಿಸಿದರೆ ಯಾವುದರ ಶಕ್ತಿ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಶ್ರೀಕಂಠನ್ ಗೈಗರ್ ಕೌಂಟರ್‌ಗಳನ್ನು ಕಟ್ಟಿಕೊಂಡು ಹಂತ ಹಂತವಾಗಿ ಇಳಿಯುತ್ತಾ ಮಾಡಿದ್ದು ಇದೇ ಕೆಲಸ. ಅವರ ಪಿಎಚ್.ಡಿ. ಆಗಿದ್ದೂ ಇದರ ಮೇಲೇ.

ಆ ಹುಡುಗನ ಸ್ಥಿತಿ ಊಹಿಸಿಕೊಳ್ಳಿ. ಆಗ ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾಗಿತ್ತು, ಆದರೆ ಗಣಿ ನಡೆಸುತ್ತಿದ್ದದ್ದು ಇನ್ನೂ ಜಾನ್ ಟೇಲರ್ ಕಂಪನಿಯೇ. ದೊಡ್ಡ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ. ಸಾಲು ಸಾಲು ಲೈನ್ ಮನೆಗಳು ಇನ್ನೊಂದು ಕಡೆ. ಗಣಿಯ ಮಾತು ತಮಿಳು, ಆಫೀಸಿನ ಮಾತು ಇಂಗ್ಲಿಷ್, ಪೇಟೆಯ ಅಂಗಡಿಯಲ್ಲಿ ತೆಲುಗು, ಕನ್ನಡ, ಉರ್ದು ಎಲ್ಲ ಸೇರಿದ ಒಂದು ಬೆರಕೆ. ನಂಜನಗೂಡಿನ ಕನ್ನಡಿಗನಿಗೆ ಇದಕ್ಕಿಂತ ಪರದೇಶ ಇನ್ನೇನು ಬೇಕು! ಪಾಸ್‌ಪೋರ್ಟ್ ಒಂದು ಬೇಕಿರಲಿಲ್ಲ ಅಷ್ಟೇ. ಕಬ್ಬಿಣದ ಕೇಜಿನಲ್ಲಿ ಕಾರ್ಮಿಕರ ಜೊತೆ ಒತ್ತಿಕೊಂಡು ನಿಂತು ಕತ್ತಲಿಗೆ ಇಳಿಯಬೇಕು. ಇಳಿದಂತೆಲ್ಲ ಸೆಕೆ. ಅತಿ ಆಳದ ಮಟ್ಟಗಳಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು, ಮೇಲಿನಿಂದ ತಂಪು ಗಾಳಿ ಕಳಿಸದಿದ್ದರೆ ಮನುಷ್ಯ ನಿಲ್ಲುವಂತಿರಲಿಲ್ಲ. ಸೆಕೆ, ತೇವ, ಧೂಳು ಮೂರೂ ಎಲೆಕ್ಟ್ರಾನಿಕ್ಸಿಗೆ ಶತ್ರುಗಳು. ಅದೂ ಟ್ರಾನ್ಸಿಸ್ಟರ್ ಇನ್ನೂ ಮನೆಮಾತಾಗದ, ವಾಲ್ವ್‌ಗಳ ಕಾಲ.

ಇದಾದ ಮೇಲೆ ಶ್ರೀಕಂಠನ್ ನಿಜವಾದ ಪರದೇಶಕ್ಕೂ ಹೋದರು. 1950ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಬ್ರೂನೋ ರೊಸ್ಸಿ ಅವರ ತಂಡದಲ್ಲಿದ್ದರು. ಹಿಂತಿರುಗಿ ಬಂದು ಮತ್ತೆ ಗಣಿಯ ಕೆಲಸ. 1960ರ ದಶಕದಲ್ಲಿ ಇನ್ನೊಂದು ಸಲ ಎಂ.ಐ.ಟಿ., ಅಲ್ಲಿ ಆಗ ತಾನೇ ಹುಟ್ಟುತ್ತಿದ್ದ ಎಕ್ಸ್-ರೇ ಖಗೋಳ ವಿಜ್ಞಾನ. ಮುಂದೆ 1975ರಿಂದ 1987ರ ತನಕ ಟಿ.ಐ.ಎಫ್.ಆರ್. ನಿರ್ದೇಶಕರು. 2019ರಲ್ಲಿ ತೀರಿಕೊಂಡರು. ಬಾಸ್ಟನ್‌ಗೆ ಹೋಗಿ ಕಲಿತು ಬಂದು ಇಲ್ಲಿ ಕೆಲಸ ಮಾಡಿದರು ಅಂತ ನಾವು ಸಾಮಾನ್ಯವಾಗಿ ಓದುತ್ತೇವೆ. ಅದು ಉಲ್ಟಾ ಅಂತ ನನ್ನ ಅನಿಸಿಕೆ. ಮೊದಲು ಚಾಂಪಿಯನ್ ರೀಫ್‌ನಲ್ಲಿ ಕಲಿತರು, ಆಮೇಲೆ ಬಾಸ್ಟನ್‌ಗೆ ಹೋದರು.

1960ರ ಸುಮಾರಿಗೆ ಜಪಾನಿನಿಂದ ಸಬುರೊ ಮಿಯಾಕೆ ಬಂದರು, ಒಸಾಕಾ ಸಿಟಿ ವಿಶ್ವವಿದ್ಯಾಲಯದವರು. ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಅವರ ಜೊತೆ ಸೇರಿ ಗಣಿಯ ಇನ್ನೂ ಆಳದ ಮಟ್ಟಗಳಿಗೆ ಉಪಕರಣ ಇಳಿಸಿದರು. ಅತಿ ಆಳದ ಜಾಗದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದೇ ಒಂದು ಕಣ ಬೀಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ "ದಂಡ" ಅಂತ ಗಂಟುಮೂಟೆ ಕಟ್ಟುತ್ತಿದ್ದರು. ಇವರಿಗೆ ಅದೇ ಸಿಹಿಸುದ್ದಿ. ಯಾಕೆಂದರೆ ಮೇಲಿನ ಗದ್ದಲವೆಲ್ಲ ನಿಂತು ಹೋದ ಜಾಗ ಸಿಕ್ಕಿತ್ತು. ಅಂಥ ಮೌನದಲ್ಲಿ ಮಾತ್ರ ಕೇಳಿಸಬಹುದಾದ ಒಂದು ಕಣ ಇತ್ತು, ನ್ಯೂಟ್ರಿನೊ.

ನ್ಯೂಟ್ರಿನೊ ಎಂಥಾ ಕಣ ಅಂದರೆ, ಇಡೀ ಭೂಮಿಯನ್ನೇ ತೂರಿಕೊಂಡು ಆ ಕಡೆಯಿಂದ ಆಚೆ ಹೋಗುತ್ತದೆ, ಯಾರಿಗೂ ಸಿಗುವುದಿಲ್ಲ. 1930ರಲ್ಲಿ ಪೌಲಿ ಹೀಗೊಂದು ಇರಬೇಕು ಅಂತ ಹೇಳಿದ್ದು, 1956ರಲ್ಲಿ ಅಮೆರಿಕದಲ್ಲಿ ಪರಮಾಣು ರಿಯಾಕ್ಟರ್ ಪಕ್ಕ ಕೂತು ರೈನ್ಸ್ ಮತ್ತು ಕೋವನ್ ಹಿಡಿದಿದ್ದು. ಆದರೆ ಅದು ಮನುಷ್ಯನೇ ಹುಟ್ಟಿಸಿದ ನ್ಯೂಟ್ರಿನೊ. ನಮ್ಮ ತಲೆಯ ಮೇಲಿನ ವಾತಾವರಣದಲ್ಲಿ ತಾನಾಗೇ ಹುಟ್ಟುವ ನ್ಯೂಟ್ರಿನೊಗಳನ್ನು ಯಾರೂ ಕಂಡಿರಲಿಲ್ಲ. ಯಾವಾಗಲೋ ಒಮ್ಮೆ ಇಂಥದೊಂದು ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯುಯಾನ್ ಹುಟ್ಟಿಸುತ್ತದೆ. ಮೇಲಿನಿಂದ ಬರುವ ಮಾಮೂಲಿ ಮ್ಯುಯಾನ್‌ಗಳು ಅಷ್ಟು ಆಳಕ್ಕೆ ಅಪರೂಪ, ಬಂದರೂ ನೆಟ್ಟಗೆ ಮೇಲಿಂದ ಕೆಳಗೆ ಬರುತ್ತವೆ. ಅಡ್ಡಡ್ಡ ಬಂದರೆ? ಅಷ್ಟು ಕಿಲೋಮೀಟರ್ ಕಲ್ಲನ್ನು ಅಡ್ಡ ದಾಟಿ ಮಾಮೂಲಿ ಮ್ಯುಯಾನ್ ಬರಲು ಸಾಧ್ಯವೇ ಇಲ್ಲ. ಹಾಗಾಗಿ ಅದು ನ್ಯೂಟ್ರಿನೊದ ಕೆಲಸವೇ. ಇಷ್ಟೇ ಉಪಾಯ! ಅದಕ್ಕಾಗಿ ಉಪಕರಣವನ್ನು ಚಾಪೆಯಂತೆ ಹಾಸದೆ ಗೋಡೆಯಂತೆ ನಿಲ್ಲಿಸಿದರು.

ಈ ಕೆಲಸಕ್ಕೆ ಮೂರು ದೇಶ ಸೇರಿದವು. ಟಿ.ಐ.ಎಫ್.ಆರ್., ಒಸಾಕಾ ಮತ್ತು ಡರ್ಹಮ್. ನಿಯಾನ್ ಫ್ಲ್ಯಾಶ್ ಟ್ಯೂಬ್ ಎಂಬ ಗಾಜಿನ ಕೊಳವೆಗಳಿಂದ ಕಣದ ದಾರಿಯನ್ನು ಕಣ್ಣಿಗೆ ಕಾಣಿಸುವಂತೆ ಮಾಡುವುದರಲ್ಲಿ ಡರ್ಹಮ್‌ನವರದು ಪಳಗಿದ ಕೈ. ಅವರ ಮುಖ್ಯಸ್ಥರು ಆರ್ನಾಲ್ಡ್ ವುಲ್ಫೆಂಡೇಲ್, ಮುಂದೆ 1991ರಲ್ಲಿ ಬ್ರಿಟನ್ನಿನ ಆಸ್ಟ್ರಾನಮರ್ ರಾಯಲ್ ಆದವರು. ನಮ್ಮ ಕಡೆಯಿಂದ ಎಂ.ಜಿ.ಕೆ. ಮೆನನ್ ಇದ್ದರು. ಹುಟ್ಟಿದ್ದು ಮಂಗಳೂರಿನಲ್ಲಿ, ಪಿಎಚ್.ಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ ಗೋಡೆ ಎದ್ದಿತು. ಪ್ಲಾಸ್ಟಿಕ್ ಸಿಂಟಿಲೇಟರ್, ಸೀಸದ ಹಲಗೆಗಳು, ನಡುವೆ ಡರ್ಹಮ್ ಕೊಳವೆಗಳು. ಕೇಜಿನಲ್ಲಿ ಹಿಡಿಸುವಷ್ಟು ತುಂಡು ತುಂಡಾಗಿ ಇಳಿಸಿ ಕೆಳಗೆ ಜೋಡಿಸಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. 1880ರಿಂದ ಇಂಗ್ಲಿಷರು ನಮ್ಮೂರಿಗೆ ಬರುತ್ತಲೇ ಇದ್ದರು. ಸಾಹೇಬರಾಗಿ, ಮ್ಯಾನೇಜರಾಗಿ, ಕಾರ್ನ್‌ವಾಲ್ ಕಡೆಯ ಗಣಿ ಮೇಸ್ತ್ರಿಗಳಾಗಿ. ಡರ್ಹಮ್‌ನವರು ಬಂದದ್ದು ಬೇರೆ ಥರ. ಆ ಹೊತ್ತಿಗೆ ಗಣಿ ಭಾರತ ಸರ್ಕಾರದ್ದು, ಪ್ರಯೋಗ ಭಾರತದ್ದು. ಅವರು ಅತಿಥಿಗಳು, ಜೊತೆಗಾರರು, ಒಂದರ್ಥದಲ್ಲಿ ವಿದ್ಯಾರ್ಥಿಗಳು. ಅವರಿಗೂ ಗಣಿ ಹೊಸದೇನಲ್ಲ. ಡರ್ಹಮ್ ಸೀಮೆಯೇ ಕಲ್ಲಿದ್ದಲ ನಾಡು, ಅಲ್ಲಿಯ ಗಣಿ ಕಾರ್ಮಿಕರ ಜಾತ್ರೆ 1871ರಲ್ಲಿ ಶುರುವಾದದ್ದು. ಬ್ಯಾಂಡು, ಬ್ಯಾನರು ಹಿಡಿದು ಊರ ತುಂಬ ಮೆರವಣಿಗೆ. 1990ರ ದಶಕದಲ್ಲಿ ಅಲ್ಲಿಯ ಗಣಿಗಳೂ ಮುಚ್ಚಿದವು, ನಮ್ಮದಕ್ಕಿಂತ ಕೆಲವೇ ವರ್ಷ ಮೊದಲು. ಜಾತ್ರೆ ಮಾತ್ರ ನಿಂತಿಲ್ಲ.

ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ, 3.2 ಕಿ.ಮೀ. ಆಳದಲ್ಲಿ, ಅದೇ ರೈನ್ಸ್ ಇದೇ ಬೇಟೆಗೆ ಕೂತಿದ್ದರು. ಅವರಿಗೆ ಮೊದಲ ನ್ಯೂಟ್ರಿನೊ ಸುಳಿವು ಸಿಕ್ಕಿದ್ದು 1965ರ ಫೆಬ್ರವರಿ 23ರಂದು. ನಮ್ಮ ಗಣಿಯವರಿಗೆ ಸಿಕ್ಕಿದ್ದು ಅದರ ನಂತರ. ಆದರೆ ಪ್ರಬಂಧ ಅಚ್ಚಾಗಿದ್ದು ನಮ್ಮವರದ್ದೇ ಮೊದಲು! ಎರಡೂ 1965ರ ಆಗಸ್ಟ್ ತಿಂಗಳಲ್ಲೇ, ಇವರದು ಕೆಲವೇ ದಿನ ಮುಂಚೆ. ಯಾರು ಮೊದಲು ಅಂತ ಜಗಳ ಆಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಎರಡು ಕಡೆಯೂ ಚಿನ್ನಕ್ಕೆಂದು ಬೇರೆಯವರು ತೋಡಿಸಿದ ಗುಂಡಿಯಲ್ಲಿ, ಗುಂಡಿ ತೋಡಿದವರಿಗೆ ಅರ್ಥವಾಗದ ಒಂದು ವಸ್ತು ಸಿಕ್ಕಿತು ಅನ್ನುವುದು ನನ್ನನ್ನು ಕಾಡುತ್ತದೆ. ಪ್ರಯೋಗ ಶುರು ಮಾಡಿಸಿದ ಭಾಭಾ ಅದರ ಫಲ ನೋಡಿ ಬಹಳ ದಿನ ಇರಲಿಲ್ಲ, 1966ರ ಜನವರಿಯಲ್ಲಿ ಮೌಂಟ್ ಬ್ಲಾಂಕ್ ಬಳಿ ವಿಮಾನ ದುರಂತದಲ್ಲಿ ಹೋದರು.

ಆಮೇಲೂ ಕೆಲಸ ನಿಲ್ಲಲಿಲ್ಲ. ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ನೋಡಲು 1980ರಲ್ಲಿ ಸುಮಾರು 140 ಟನ್ ಕಬ್ಬಿಣದ ಉಪಕರಣವನ್ನು ಅದೇ ಆಳಕ್ಕೆ ಇಳಿಸಿದರು. ಒಸಾಕಾದವರು ಆಗಲೂ ಜೊತೆಗಿದ್ದರು. ಇಂಥ ಪ್ರಯೋಗಗಳಲ್ಲಿ ಪ್ರಪಂಚಕ್ಕೇ ಮೊದಲಿನವುಗಳಲ್ಲಿ ಒಂದು ಇದು. ಜಪಾನಿನವರು ತಮ್ಮದೇ ಕಾಮಿಯೊಕ ಗಣಿಯಲ್ಲಿ ಇದೇ ಪ್ರಶ್ನೆ ಹಿಡಿದು ಕೂತದ್ದು 1983ರಲ್ಲಿ. ಅವರಿಗೆ ಪ್ರೋಟಾನ್ ಸಾವು ಸಿಗಲಿಲ್ಲ, ನ್ಯೂಟ್ರಿನೊ ಸಿಕ್ಕಿತು. ಆ ಗಣಿಯಿಂದ ಎರಡು ನೊಬೆಲ್ ಬಂದವು, 2002ರಲ್ಲಿ ಕೊಶಿಬಾ, 2015ರಲ್ಲಿ ಕಜಿತ. ಕಜಿತ ಅವರದ್ದು ವಾತಾವರಣದ ನ್ಯೂಟ್ರಿನೊ ಕುರಿತ ಕೆಲಸಕ್ಕೇ, 1965ರಲ್ಲಿ ನಮ್ಮೂರಿನಲ್ಲಿ ಕಂಡದ್ದರ ಮುಂದುವರಿಕೆ. ಅಲ್ಲಿ ಗಣಿಯೊಳಗೆ ಪ್ರಯೋಗಾಲಯ ಬೆಳೆಯಿತು. ಇಲ್ಲಿ 1990ರ ದಶಕದ ಶುರುವಿನಲ್ಲೇ ಪ್ರಯೋಗ ಮುಗಿದು, ಹತ್ತು ವರ್ಷದೊಳಗೆ ಗಣಿಯೂ ಮುಚ್ಚಿ, ಪಂಪು ನಿಂತು, ನೀರು ಏರಿತು. ನ್ಯೂಟ್ರಿನೊ ಕಂಡ ಜಾಗ ಈಗ ನೀರಿನಡಿ. ಹೊಸ ಪ್ರಯೋಗಾಲಯಕ್ಕೆ ದೇಶದಲ್ಲಿ ಜಾಗ ಹುಡುಕುವಾಗ ಕೆ.ಜಿ.ಎಫ್ ಹೆಸರು ಪಟ್ಟಿಯಲ್ಲಿರಲು ಸಾಧ್ಯವೇ ಇರಲಿಲ್ಲ. ತಮಿಳುನಾಡಿನ ತೇನಿ ಬೆಟ್ಟ ಆರಿಸಿದರು, ಅದೂ ವಿರೋಧ, ಕೋರ್ಟು ಅಂತ ಸಿಕ್ಕಿಹಾಕಿಕೊಂಡಿತು.

ಒಂದು ಮಾತ್ರ ಉಳಿದಿದೆ. ಗಣಿಯೊಳಗಿನ ಪ್ರಯೋಗಗಳ ಲೆಕ್ಕಕ್ಕೆ ವಿಜ್ಞಾನಿಗಳು "ಸ್ಟಾಂಡರ್ಡ್ ರಾಕ್" ಅಂತ ಒಂದು ಮಾದರಿ ಕಲ್ಲನ್ನು ಇಟ್ಟುಕೊಂಡಿದ್ದಾರೆ. ಅದರ ಪಕ್ಕದಲ್ಲಿ "ಕೋಲಾರ್ ರಾಕ್" ಅಂತ ಇನ್ನೊಂದು ಹೆಸರು ಬರುತ್ತದೆ. ನಮ್ಮ ಕಲ್ಲು ಹೆಚ್ಚು ಭಾರ, ನೀರಿಗಿಂತ ಮೂರು ಪಟ್ಟು. ಹಾಗಾಗಿ 2.3 ಕಿ.ಮೀ. ಕಲ್ಲು ಸುಮಾರು 7 ಕಿ.ಮೀ. ನೀರಿಗೆ ಸಮ. ಲೆಕ್ಕ ಮಾಡುವಾಗ ಕಲ್ಲನ್ನು ಬಿಡುವಂತಿಲ್ಲವಲ್ಲ, ಆದ್ದರಿಂದ ಅದಕ್ಕೆ ಹೆಸರು ಸಿಕ್ಕಿತು.

ಇಷ್ಟನ್ನೂ ಆ ಹುಡುಗನಿಗೆ ಹೇಳಿ, 1965ರ ಪ್ರಬಂಧದ ಮೊದಲ ಪುಟ ಮೊಬೈಲಿನಲ್ಲಿ ತೋರಿಸಿದೆ. ಮೇಲೆ ಹನ್ನೊಂದು ಹೆಸರುಗಳು. ಆಚಾರ್, ಮೆನನ್, ನರಸಿಂಹಂ, ರಮಣಮೂರ್ತಿ, ಶ್ರೀಕಂಠನ್, ಹಿನೊಟಾನಿ, ಮಿಯಾಕೆ, ಕ್ರೀಡ್, ಆಸ್ಬೋರ್ನ್, ಪ್ಯಾಟಿಸನ್, ವುಲ್ಫೆಂಡೇಲ್. ಒಂದೊಂದಾಗಿ ಓದಿದ. ಡರ್ಹಮ್ ಎಂಬ ಹೆಸರು ಬಂದ ಕಡೆ ನಿಂತು ಪುಟ ದೊಡ್ಡದು ಮಾಡಿ ನೋಡಿದ. ಇದನ್ನು ಅಲ್ಲಿ ಇದ್ದಾಗ ಹೇಳಿದ್ದರೆ ಅಂತ ಗೊಣಗಿದ. ಆಮೇಲೆ, "ಆ ಗೋಡೆ ನಿಲ್ಲಿಸಿದ ಸುರಂಗಕ್ಕೆ ಆಸರೆ ಕೊಟ್ಟಿದ್ದು ನಮ್ಮ ತಾತನಂಥವರೇ ಅಲ್ವಾ ಅಂಕಲ್?" ಅಂದ.

ಹೌದು ಅಂದೆ. ಪುಟವನ್ನು ತನ್ನ ಮೊಬೈಲಿಗೆ ಕಳಿಸಿಕೊಂಡು, ಅಜ್ಜಿಗೆ ತೋರಿಸ್ತೀನಿ ಅಂತ ಹೋದ.